ದೊಡ್ಡಮ್ಮನ ಕತ್ತರಿ ಪರೀಕ್ಷೆ

ನಮ್ಮ ದೊಡ್ಡಮ್ಮನ ಹೊಲಿಗೆ ಅಂಗಡಿಗೆ ಬಂದ ಯಾವ ಕೂಸೂ ಪರೀಕ್ಷೆ ತಪ್ಪಿಸಿಕೊಂಡು ಹೋಗಿಲ್ಲ. ತಾಯಿ ಚೀಲದಿಂದ ಅಳತೆಯ ಬಟ್ಟೆ ತೆಗೆಯುವಷ್ಟರಲ್ಲಿ ದೊಡ್ಡಮ್ಮ ಮೇಜು ಸುತ್ತಿ ಬಂದು, ಮಗುವಿನ ಬೆನ್ನ ಹಿಂದೆ ಒಂದಿಷ್ಟು ದೂರದಲ್ಲಿ ನಿಂತು, ದೊಡ್ಡ ಕತ್ತರಿಯನ್ನು ಕಚಕ್ ಎಂದು ಆಡಿಸುತ್ತಾಳೆ. ಮಗು ತಿರುಗಿ ನೋಡಿದರೆ ಸಾಕು, ಮುಖ ಊರಗಲ ಮಾಡಿಕೊಂಡು "ಪಾಸು!" ಎಂದು ಕೂಗುತ್ತಾಳೆ. ಅವಳದು ಬೀದಿ ತುದಿಗೂ ಕೇಳುವ ದನಿ. ಆ ದನಿ ಅವಳೊಬ್ಬಳಿಗೇ ಕೇಳಿಸುವುದಿಲ್ಲ. ಐದನೇ ವಯಸ್ಸಿನಲ್ಲಿ ಅವಳ ಎರಡು ಕಿವಿಯೂ ಹೋದವು.

ಅಮ್ಮ ತೀರಿಕೊಂಡ ಮೇಲೆ ನನ್ನನ್ನೂ ತಂಗಿಯನ್ನೂ ಸಾಕಿದವಳು ಅವಳೇ. ಎದುರಿಗಿದ್ದವರ ತುಟಿ ನೋಡಿಯೇ ಮಾತು ಹಿಡಿಯುತ್ತಾಳೆ. ಯಂತ್ರದಲ್ಲಿ ದಾರ ಸಿಕ್ಕಿಕೊಂಡರೆ ಮೇಜಿನ ಮೇಲಿಟ್ಟ ಅಂಗೈಗೆ ಗೊತ್ತಾಗುತ್ತದೆ. ಗಿರಾಕಿ ಚೌಕಾಸಿಗೆ ಇಳಿದರೆ ಮಾತ್ರ ತಲೆ ತಗ್ಗಿಸಿ ಬಟ್ಟೆ ನೋಡತೊಡಗುತ್ತಾಳೆ. ಆಗ ಅವಳಷ್ಟು ಕಿವುಡಿ ಲೋಕದಲ್ಲಿ ಇನ್ನೊಬ್ಬಳಿಲ್ಲ.

ತಂಗಿಯ ಮಗಳಿಗೆ ಮೊದಲ ಸುತ್ತಿನ ಚುಚ್ಚುಮದ್ದು ಹಾಕಿಸಿದ ಸಂಜೆ ಮೈ ಬಿಸಿಯಾಯಿತು, ತೊಡೆ ಊದಿಕೊಂಡಿತು. ಮರುದಿನ ಜ್ವರ ಇಳಿಯಿತು, ತಂಗಿಯ ಹೆದರಿಕೆ ಇಳಿಯಲಿಲ್ಲ. ಎರಡನೇ ಸುತ್ತಿನ ದಿನ ಮಗುವನ್ನು ಮಡಿಲಲ್ಲಿಟ್ಟುಕೊಂಡು ಅಂಗಡಿಯಲ್ಲಿ ಮುಖ ಗಂಟಿಕ್ಕಿ ಕುಳಿತಳು. ಅವಳು ಬಡಪೆಟ್ಟಿಗೆ ಬಗ್ಗುವವಳಲ್ಲ.

"ನಾನಂತೂ ಕರ್ಕೊಂಡು ಹೋಗಲ್ಲ. ಚೆನ್ನಾಗಿ ಆಡ್ಕೊಂಡಿರೋ ಮಗೂಗೆ ಸುಮ್ನೆ ಯಾಕೆ ಸೂಜಿ? ಆ ಕಾಯಿಲೆಗಳನ್ನ ಈಗ ಯಾರು ನೋಡಿದಾರೆ?"

ಅವಳ ತುಟಿಯನ್ನೇ ನೋಡುತ್ತಿದ್ದ ದೊಡ್ಡಮ್ಮ ಕತ್ತರಿ ಕೆಳಗಿಟ್ಟಳು. "ನನ್ನನ್ನ ನೋಡಿದೀಯಲ್ಲ."

"ನಿಂಗೆ ಬಂದಿದ್ದು ಏನೋ ಒಂದು ಜ್ವರ ಅಂತ ಅಮ್ಮ ಹೇಳ್ತಿದ್ಲು."

"ಏನೋ ಒಂದಲ್ಲ ಕಣೇ. ಹೋದ್ಸಲ ಆಸ್ಪತ್ರೇಲಿ ನರ್ಸಮ್ಮ ಹೇಳ್ತಿದ್ದಾಗ ನೀನು ಮಗು ಸಮಾಧಾನ ಮಾಡ್ತಿದ್ದೆ, ನಾನು ಅವಳ ಬಾಯೇ ನೋಡ್ತಿದ್ದೆ. ಮೆದುಳಿನ ಪೊರೆಗೆ ಸೋಂಕು ತಗಲೋ ಜ್ವರ, ಕತ್ತು ಸೆಟೆದುಕೊಳ್ಳುತ್ತೆ, ಬದುಕಿದ್ರೂ ಕಿವಿ ಹೋಗಬಹುದು ಅಂದ್ಲು. ನಂಗಾಗಿದ್ದು ಅದೇ. ಅದನ್ನ ತಡೆಯೋಕೆ ಮದ್ದಿದೆ ಅಂತ ನಂಗೆ ಗೊತ್ತಾಗಿದ್ದೇ ಅವತ್ತು."

ಆಮೇಲೆ ಅವಳು ಹೇಳಿದ್ದನ್ನು ನಾವು ಅದುವರೆಗೆ ಕೇಳಿರಲಿಲ್ಲ.

"ಜ್ವರ ಬಿಟ್ಟು ಕಣ್ಣು ತೆಗೆದಾಗ ನಮ್ಮಮ್ಮ ಬಾಯಿ ಆಡಿಸ್ತಿದ್ಲು, ಮಾತೇ ಬರ್ತಿರಲಿಲ್ಲ. ಅಪ್ಪನೂ ಹಾಗೇ, ಡಾಕ್ಟರೂ ಹಾಗೇ. ಎಲ್ಲಾ ಸೇರ್ಕೊಂಡು ನನ್ನ ಆಟ ಆಡಿಸ್ತಿದಾರೆ ಅಂದ್ಕೊಂಡೆ. ಎಂಥಾ ಸಿಟ್ಟು ಬಂತು ಗೊತ್ತಾ? ಇವರು ಆಟ ನಿಲ್ಸೋ ತನಕ ನಾನೂ ಮಾತಾಡಲ್ಲ ಅಂತ ಮುಖ ಊದಿಸ್ಕೊಂಡು ಮಲಗಿದೆ. ಕಾದೆ, ಕಾದೆ. ಯಾರೂ ನಿಲ್ಲಿಸ್ಲೇ ಇಲ್ಲ."

ಅವಳು ನಗುತ್ತಲೇ ಹೇಳಿದಳು. ತಂಗಿ ಮಗುವಿಗೆ ಟೋಪಿ ಕಟ್ಟಿದಳು.

ಆಸ್ಪತ್ರೆಯಲ್ಲಿ ನರ್ಸಮ್ಮ ತಣ್ಣನೆಯ ಪೆಟ್ಟಿಗೆಯಿಂದ ಪುಟ್ಟ ಸೀಸೆ ತೆಗೆದಾಗ ದೊಡ್ಡಮ್ಮ ಬಗ್ಗಿ ನೋಡಿದಳು. "ಇಷ್ಟೇನಾ?"

"ಇಷ್ಟೇ ಅಮ್ಮ. ಆ ಜ್ವರ ತರೋ ಬ್ಯಾಕ್ಟೀರಿಯಾ ಹಲವು ಥರ ಇವೆ. ಎಲ್ಲಾನೂ ಅಲ್ಲ, ಚಿಕ್ಕ ಮಕ್ಕಳನ್ನ ಹೆಚ್ಚು ಕಾಡೋ ಕೆಲವನ್ನ ಈ ಚುಚ್ಚುಮದ್ದುಗಳು ತಡೆಯುತ್ವೆ. ನಾನು ಕೆಲಸಕ್ಕೆ ಸೇರಿದಾಗ ಮೇಲಿನ ವಾರ್ಡಲ್ಲಿ ಅಂಥ ಮಕ್ಕಳು ಸದಾ ಇರ್ತಿದ್ವು. ಈಗ ಅಪರೂಪ." ತಂಗಿಯತ್ತ ತಿರುಗಿ, "ಮತ್ತೆ ಮೈ ಬಿಸಿಯಾದ್ರೆ ಗಾಬರಿಯಾಗಬೇಡಿ, ಒಂದೆರಡು ದಿನದಲ್ಲಿ ಇಳಿಯುತ್ತೆ. ಇಳೀಲಿಲ್ಲ ಅಂದ್ರೆ ಇಲ್ಲಿಗೇ ಬನ್ನಿ," ಎಂದಳು.

ದೊಡ್ಡಮ್ಮನ ಕಣ್ಣು ನರ್ಸಮ್ಮನ ತುಟಿಯಿಂದ ಮತ್ತೆ ಸೀಸೆಗೆ ಹೋಗಿ ಅಲ್ಲೇ ನೆಟ್ಟಿತು. ಒಂದು ಲೋಕದ ಸದ್ದನ್ನೆಲ್ಲ ಕಿತ್ತುಕೊಂಡು ಹೋದ ಕಾಯಿಲೆಯನ್ನು, ಹೊಲಿಗೆಯಂತ್ರಕ್ಕೆ ಬಿಡುವ ಎಣ್ಣೆಯಷ್ಟು ಮದ್ದು ಹೊಸ್ತಿಲಲ್ಲೇ ತಡೆದು ನಿಲ್ಲಿಸುತ್ತದೆಂದರೆ! ನನಗೂ ಮೈ ಜುಮ್ಮೆಂದಿತು. ಅವಳಂತೂ ಕೈ ಮುಗಿಯುವುದೊಂದು ಬಾಕಿ.

ಸೂಜಿ ಚುಚ್ಚಿದ್ದೇ ತಡ, ಮಗು ಕಿಟಾರನೆ ಕಿರುಚಿತು. ದೊಡ್ಡಮ್ಮ ಯಂತ್ರದ ಮೇಜಿನ ಮೇಲೆ ಇಡುವ ಹಾಗೆಯೇ ಅದರ ಬೆನ್ನ ಮೇಲೆ ಅಂಗೈ ಇಟ್ಟಳು.

"ಜೋರಾಗಿ ಅಳ್ತಿದಾಳಾ?" ಎಂದು ಆಸ್ಪತ್ರೆಗೆಲ್ಲ ಕೇಳುವಂತೆ ಕೇಳಿದಳು.

ಮಗುವಿನ ಅಳುವಿನ ನಡುವೆಯೇ ತಂಗಿಗೆ ನಗು ಬಂತು. "ಸೂರು ಹಾರಿಹೋಗೋ ಹಾಗೆ, ದೊಡ್ಡಮ್ಮ. ಥೇಟ್ ನಿನ್ನ ಥರಾನೇ."

ಅಳು ಬಿಕ್ಕಳಿಕೆಗೆ ಇಳಿಯಿತು. ದೊಡ್ಡಮ್ಮ ಮಗುವನ್ನು ಎತ್ತಿಕೊಂಡು ಹೊರಗಿನ ಬೆಂಚಿನ ಮೇಲೆ ಕುಳಿತಳು. ಅಷ್ಟರಲ್ಲಿ ಮಗು ಬಿಕ್ಕುವುದನ್ನು ಬಿಟ್ಟು ಥಟ್ಟನೆ ಕತ್ತು ತಿರುಗಿಸಿ, ಕಾರಿಡಾರಿನ ತುದಿಯತ್ತ ಪಿಳಿಪಿಳಿ ನೋಡಿತು. ದೊಡ್ಡಮ್ಮನೂ ಅತ್ತ ನೋಡಿದಳು. ಅಲ್ಲಿ ಯಾರೂ ಇರಲಿಲ್ಲ.

"ಏನೋ ಸದ್ದಾಯ್ತಾ?" ಎಂದು ನನ್ನನ್ನು ಕೇಳಿದಳು.

"ಒಳಗೆ ಯಾರೋ ಸ್ಟೀಲ್ ತಟ್ಟೆ ಬೀಳಿಸಿದ್ರು."

ಅವಳು ಮಗುವಿನ ಕಿವಿಯ ಹಿಂದೆ ಮೆಲ್ಲಗೆ ಬೆರಳಾಡಿಸಿದಳು. ತುಟಿಗಳು ಅಲುಗಿದವು, ದನಿ ಹೊರಡಲಿಲ್ಲ. ಆ ಒಂದು ಸಲ ಅವಳ ತುಟಿಯನ್ನು ನಾನು ಓದಿಕೊಂಡೆ: ಪಾಸು.