ಡಬ್ಬಿಯ ಅಡಿಯಲ್ಲಿದ್ದ ಹನ್ನೆರಡು ಪದ

ನಿಮ್ಮ ತಾತನ ಹೆಸರನ್ನು ನಾನು ಯಾವತ್ತೂ ಬಾಯಿಬಿಟ್ಟು ಹೇಳಿದವಳಲ್ಲ. ಇಲ್ಲಿಯೂ ಬರೆಯುವುದಿಲ್ಲ, ನಿಮಗೆ ಗೊತ್ತೇ ಇದೆ. ಗಂಡನ ಹೆಸರು ಹೇಳಬಾರದು ಅಂತ ನನಗೆ ಯಾರೂ ಕೂರಿಸಿಕೊಂಡು ಕಲಿಸಲಿಲ್ಲ. ನಮ್ಮವ್ವ ಹೇಳುತ್ತಿರಲಿಲ್ಲ, ನಾನೂ ಹೇಳಲಿಲ್ಲ, ಅಷ್ಟೆ. ಅವರು ತೀರಿಕೊಂಡ ಮೇಲೆ ಜಮೀನಿನ ಖಾತೆ ಬದಲಾಯಿಸಲು ಗುಂಡ್ಲುಪೇಟೆಯ ಕಚೇರಿಗೆ ಹೋಗಿದ್ದೆವು. ಮೇಜಿನ ಆಚೆ ಕೂತಿದ್ದವರು "ಯಜಮಾನ್ರ ಹೆಸರೇನಮ್ಮ?" ಅಂತ ಕೇಳಿದರು. ನಾನು ನೆಲ ನೋಡುತ್ತ ನಿಂತೆ. ಅವರು ಮತ್ತೆ ಕೇಳಿದರು. ಕೊನೆಗೆ ಮಗ ಹೇಳಿದ.

ಅಂಥ ನಾನು ಆ ಹೆಸರನ್ನೇ ಕಳೆದುಹಾಕುವುದರಲ್ಲಿದ್ದೆ. ಇದು ಮೊಮ್ಮಕ್ಕಳಾದ ನಿಮ್ಮಲ್ಲಿ ದೊಡ್ಡವಳಿಗೆ ಮಾತ್ರ ಗೊತ್ತು. ಉಳಿದವರಿಗೂ ತಿಳಿದಿರಲಿ ಅಂತ ಈ ಪುಸ್ತಕದಲ್ಲಿ ಬರೆಯುತ್ತಿದ್ದೇನೆ.

ದೊಡ್ಡವಳು ಆಗ ಚಾಮರಾಜನಗರದಲ್ಲಿ ಬಿ.ಕಾಂ. ಓದುತ್ತಿದ್ದಳು. ಒಂದು ಭಾನುವಾರ ನಾನು ಹಿತ್ತಲಿನಲ್ಲಿ ಅವರೆಕಾಯಿ ಸುಲಿಯುತ್ತಿದ್ದಾಗ ಬಂದು ಪಕ್ಕದಲ್ಲಿ ಕೂತಳು.

"ತಾತನ ಹೆಸರು ರಿಜಿಸ್ಟರ್ ಮಾಡ್ಸ್‌ಬುಟ್ಟೆ ಕಣಜ್ಜಿ."

"ಯಾವ ಆಫೀಸಲ್ಲಿ?"

"ಆಫೀಸೇ ಇಲ್ಲ. ಬ್ಲಾಕ್‌ಚೈನ್ ಅಂತ."

"ಆಫೀಸಿಲ್ದೆ ಅದೆಂಥ ರಿಜಿಸ್ಟರ್ ಕಣಮ್ಮಿ? ಸೀಲು ಯಾರು ಒತ್ತಿದ್ರು?"

ಅವಳು ನಗುತ್ತ ಬಿಡಿಸಿ ಹೇಳಿದಳು. ಲೋಕದ ಸಾವಿರಾರು ಕಂಪ್ಯೂಟರುಗಳಲ್ಲಿ ಒಂದೇ ಪುಸ್ತಕವನ್ನು ಎಲ್ಲರೂ ಬರೆದಿಟ್ಟುಕೊಂಡಿರುತ್ತಾರಂತೆ. ಒಬ್ಬರು ಅಳಿಸಿದರೆ ಅಳಿಯುವುದಿಲ್ಲ. ಅದರಲ್ಲಿ ಪ್ರತಿಯೊಬ್ಬರಿಗೂ ಒಂದು ವಿಳಾಸ. ಆದರೆ ಆ ವಿಳಾಸ ಅಕ್ಷರ, ಅಂಕಿ ಎಲ್ಲ ಕಲಸಿದ ಒಂದು ಮಾರುದ್ದದ ಸರ, ಮನುಷ್ಯರಾದವರು ಓದಿ ನೆನಪಿಡುವಂಥದ್ದಲ್ಲ. ಅದರ ಬದಲು ಬಾಯಿಗೆ ಬರುವ ಒಂದು ಹೆಸರನ್ನು ಪಡೆದು ಆ ಸರಕ್ಕೆ ಕಟ್ಟಬಹುದು. ವರ್ಷ ತುಂಬಿದಾಗ ಮುಂದುವರಿಸಿಕೊಳ್ಳಬೇಕು. ಅವಳು ತಾತನ ಹೆಸರು ಪಡೆದಿದ್ದಳು. ಫೋನಿನಲ್ಲಿ ಆ ಹೆಸರು ಒತ್ತಿದರೆ ನಮ್ಮ ಅರಿಶಿನದ ಹೊಲ, ಕಣ, ಪುಡಿ ಮಾಡುವ ಸಂಘದ ಹೆಂಗಸರು, ಎಲ್ಲರ ಫೋಟೋ ಬರುತ್ತಿತ್ತು. ಪುಡಿಯ ಪ್ಯಾಕೆಟ್ಟಿನ ಮೇಲೂ ಅದನ್ನೇ ಹಾಕಿಸಿದಳು.

ನನಗೆ ಹಿಡಿಸಿದ್ದು ಇನ್ನೊಂದು. ತಾತನ ಹೆಸರಿನ ಹಿಂದೆ ಒಂದು ಚುಕ್ಕಿ ಇಟ್ಟು ನಿಮ್ಮ ಐದೂ ಜನರ ಹೆಸರನ್ನು ಸೇರಿಸಿದ್ದಳು. ಒಬ್ಬೊಬ್ಬರಿಗೂ ಒಂದೊಂದು ಹೆಸರು, ಎಲ್ಲವೂ ಅವರ ಹೆಸರಿಗೆ ಅಂಟಿಕೊಂಡೇ. ಖಾತೆಗಾಗಿ ಬರೆಸಿದ ವಂಶವೃಕ್ಷದ ಹಾಗೆ. ಅದನ್ನು ಬರೆಸಲು ನಾವು ಎಷ್ಟು ಸಲ ಅಲೆದಿದ್ದೆವು.

ಆಮೇಲೆ ನೋಟ್‌ಬುಕ್ಕಿನ ಹಾಳೆಯೊಂದನ್ನು ನನ್ನ ಕೈಗಿಟ್ಟಳು. ಇಂಗ್ಲಿಷಿನಲ್ಲಿ ಹನ್ನೆರಡು ಪದ, ಒಂದಕ್ಕೊಂದು ಸಂಬಂಧವಿಲ್ಲದವು.

"ಇದೇ ಬೀಗದ ಕೈ. ಫೋನ್ ಹೋದ್ರೂ ಈ ಹನ್ನೆರಡು ಪದ ಇದ್ರೆ ಹೆಸರು ನಮ್ದು. ಯಾರ ಕೈಗೆ ಸಿಕ್ಕಿದ್ರೂ ಅವ್ರದು. ಹಾಸ್ಟೆಲಲ್ಲಿ ಇಡಕ್ಕಾಗಲ್ಲ. ನೀನೇ ಇಟ್ಕೋ."

ಮನೆಯಲ್ಲಿ ಅಷ್ಟು ಜನ ಇದ್ದು ನನಗೆ ಕೊಟ್ಟಳಲ್ಲ ಅಂತ ನಾಲ್ಕು ದಿನ ಉಬ್ಬಿಹೋದೆ. ಹಾಳೆಯನ್ನು ಟ್ರಂಕಿನಲ್ಲಿಟ್ಟರೆ ಇಲಿ, ದೇವರ ಗೂಡಿನಲ್ಲಿಟ್ಟರೆ ಎಣ್ಣೆ. ಯೋಚನೆ ಮಾಡಿ ಮಾಡಿ ಒಂದು ಉಪಾಯ ಹೊಳೆಯಿತು.

ನಮ್ಮ ಕಡೆ ಪಾತ್ರೆ ಕೊಂಡರೆ ಅಂಗಡಿಯಲ್ಲೇ ಹೆಸರು ಹಾಕಿಸುತ್ತೇವೆ. ಮದುವೆಗೆ, ತಿಥಿಗೆ ಊರೆಲ್ಲ ಸುತ್ತುವ ಪಾತ್ರೆ ತಿರುಗಿ ಮನೆಗೆ ಬರಬೇಕಲ್ಲ. ಗುಂಡ್ಲುಪೇಟೆಯ ಪಾತ್ರೆ ಅಂಗಡಿಯವರಿಗೆ ನನ್ನ ಪರಿಚಯವಿತ್ತು. ನಿಮ್ಮ ತಾತನ ಹೆಸರನ್ನು ನಾನು ಹೇಳುವುದಿಲ್ಲ ಅಂತ ಗೊತ್ತಿದ್ದರಿಂದ ಯಾವಾಗಲೂ ಚೀಟಿ ಇಸಿದುಕೊಂಡು, ಪೆನ್ನಿನಂಥ ಮಿಷಿನ್ನಿನಲ್ಲಿ ಜುಯ್ ಅಂತ ಕೊರೆದುಕೊಡುತ್ತಿದ್ದರು. ಈ ಸಲ ಹನ್ನೆರಡು ಪದದ ಆ ಹಾಳೆಯನ್ನೇ ಚೀಟಿಯ ಹಾಗೆ ಕೊಟ್ಟೆ. ಒಂದು ಸ್ಟೀಲ್ ಡಬ್ಬಿ ತೆಗೆದುಕೊಂಡು, ಪಕ್ಕಕ್ಕೆ ಬೇಡ, ಅಡಿಭಾಗಕ್ಕೆ ಹಾಕಿ ಅಂದೆ.

"ಏನಮ್ಮ, ಈ ಸಲ ಇಷ್ಟುದ್ದ? ಊರೋರ ಹೆಸರೆಲ್ಲಾ ಬರ್ಸ್ತಿದ್ದೀರಾ?" ಅಂದರು.

ನಾನು ಸೆರಗು ಬಾಯಿಗೆ ಹಿಡಿದು ದುಡ್ಡು ಎಣಿಸಿಕೊಟ್ಟೆ. ಮನೆಗೆ ಬಂದವಳೇ ಹಾಳೆಯನ್ನು ನೀರೊಲೆಗೆ ಹಾಕಿ ಸುಟ್ಟೆ. ಡಬ್ಬಿಯನ್ನು ಅಡುಗೆಮನೆಯ ಮೇಲಿನ ಹಲಗೆಯಲ್ಲಿ ಹಿಂದಕ್ಕೆ ಇಟ್ಟೆ. ಯಾರಿಗೂ ಹೇಳಲಿಲ್ಲ.

ದೀಪಾವಳಿ ಆಯಿತು, ಸಂಕ್ರಾಂತಿ ಕಳೆಯಿತು. ಅರಿಶಿನ ಬೇಯಿಸುವ ದಿನ ದೊಡ್ಡವಳು ಕೊಪ್ಪರಿಗೆಯ ಪಕ್ಕ ನಿಂತು, ಆ ಹೆಸರಿನ ಪುಟಕ್ಕೆ ಅಂತಲೇ ಫೋಟೋ ತೆಗೆಯುತ್ತಿದ್ದಳು. ಆವಿಗೆ ಕೈ ಜಾರಿ ಫೋನು ಕುದಿಯುವ ಅರಿಶಿನದೊಳಗೆ ಬಿತ್ತು. ಜರಡಿಯಲ್ಲಿ ಎತ್ತುವಷ್ಟರಲ್ಲಿ ಅದೂ ಹಳದಿ ಕೊಂಬಾಗಿತ್ತು. ಆದರೂ ಅವಳು ಗಾಬರಿಯಾಗಲಿಲ್ಲ.

"ಹೋದ್ರೆ ಹೋಗ್ಲಿ, ಅಜ್ಜಿ ಹತ್ರ ಹನ್ನೆರಡು ಪದ ಇದಾವಲ್ಲ" ಅಂದಳು.

ನಾನು ಒಳಗೆ ಹೋಗಿ ಹಲಗೆ ನೋಡಿದೆ. ಡಬ್ಬಿ ಇರಲಿಲ್ಲ.

ಸೊಸೆಯನ್ನು ಮೆಲ್ಲಗೆ ಕೇಳಿದೆ. "ಅದಾ? ದೀಪಾವಳಿಲಿ ಚಿಕ್ಕಮ್ಮನ ಮನೆಗೆ ಕಜ್ಜಾಯ ತುಂಬಿ ಕಳ್ಸ್‌ಬುಟ್ಟೆ ಕಣತ್ತೆ. ಪಕ್ಕದಲ್ಲಿ ಹೆಸರಿರ್ಲಿಲ್ಲ, ವಾಪಸ್ ಬರ್ದಿದ್ರೂ ಪರ್ವಾಗಿಲ್ಲ ಅಂತ ಅದನ್ನೇ ಆರಿಸಿದೆ" ಅಂದಳು. ಚಿಕ್ಕಮ್ಮ ಅಂದರೆ ಚಾಮರಾಜನಗರದಲ್ಲಿರುವ ನನ್ನ ನಾದಿನಿ, ನಿಮ್ಮ ತಾತನ ತಂಗಿ. ಸೊಸೆಯದೇನೂ ತಪ್ಪಿಲ್ಲ. ಹೆಸರಿಲ್ಲದ ಡಬ್ಬಿಯನ್ನು ನಾನಾದರೂ ಅದಕ್ಕೇ ಆರಿಸುತ್ತಿದ್ದೆ.

ದೊಡ್ಡವಳನ್ನು ಹಿತ್ತಲಿಗೆ ಕರೆದು ಹೇಳಿಕೊಂಡೆ. ಅವಳು ತಲೆ ಮೇಲೆ ಕೈ ಹೊತ್ತು ಕೂತಳು. "ಹಾಳೆ?" ಅಂದಳು. "ಸುಟ್ಟೆ" ಅಂದೆ. ಬೈದಿದ್ದರೆ ಸಲೀಸಾಗಿರುತ್ತಿತ್ತು.

"ಅರ್ಜಿ ಕೊಟ್ರೆ ಆಗಲ್ವಾ?" ಅಂದೆ.

"ಯಾರಿಗೆ ಕೊಡದು ಅಜ್ಜಿ?"

ಆಗಲೇ ನನಗೆ ಅದು ಪೂರ್ತಿ ಅರ್ಥವಾದದ್ದು. ಕಚೇರಿಯಲ್ಲಿ ನಾನು ಬಾಯಿ ಬಿಡದೆ ನಿಂತಾಗ ಆ ಮನುಷ್ಯ ನನ್ನ ಮುಖ ನೋಡಿ, "ಕೂತ್ಕೊಳ್ಳಿ, ಮಗ ಹೇಳ್ಲಿ" ಅಂದಿದ್ದರು. ಎಷ್ಟು ಅಲೆಸಿದರೂ ಮುಖ ನೋಡುವವರೊಬ್ಬರು ಅಲ್ಲಿದ್ದರು. ಇಲ್ಲಿ ಯಾರೂ ಇಲ್ಲ. ನಾನು ನಿಮ್ಮ ತಾತನ ಹೆಂಡತಿ ಅನ್ನುವುದು ಇಲ್ಲಿ ನಡೆಯುವುದಿಲ್ಲ. ಹನ್ನೆರಡು ಪದ ಯಾರಲ್ಲಿದೆಯೋ ಅವರೇ ಮಾಲೀಕರು.

ಮಾರನೆಯ ದಿನ ಇಬ್ಬರೂ ಬಸ್ ಹತ್ತಿದೆವು. ದಾರಿಯುದ್ದಕ್ಕೂ ಹೇಗೆ ಕೇಳಲಿ ಅಂತಲೇ ಯೋಚನೆ. ಕೊಟ್ಟ ಮನೆಗೆ ಹೋಗಿ ಡಬ್ಬಿ ಕೊಡಿ ಅನ್ನುವುದುಂಟೆ? ಚಾಮರಾಜನಗರದಲ್ಲಿ ಇಳಿದು ದೊಡ್ಡವಳು ಮೊದಲು ಹೊಸ ಫೋನು ತೆಗೆದುಕೊಂಡಳು. ಆಮೇಲೆ ನಾದಿನಿಯ ಮನೆ. ಕಾಫಿ ಕುಡಿದೆ, ಉಪ್ಪಿಟ್ಟು ತಿಂದೆ, ಅವಳ ಮಂಡಿನೋವಿನ ವಿಚಾರ ಕೇಳಿದೆ. ಡಬ್ಬಿಯ ಮಾತು ಬಾಯಿಗೆ ಬರಲೇ ಇಲ್ಲ. ದೊಡ್ಡವಳು ಪಕ್ಕದಿಂದ ತಿವಿಯುತ್ತಿದ್ದಳು.

ಕೊನೆಗೆ "ದೀಪಾವಳಿಲಿ ಕಜ್ಜಾಯ ಚೆನ್ನಾಗಿತ್ತಾ?" ಅಂದೆ.

ನಾದಿನಿ ನಕ್ಕುಬಿಟ್ಟಳು. "ಡಬ್ಬಿ ಕೇಳಕ್ ಬಂದ್ರಾ ಅತ್ತಿಗಮ್ಮ? ಅದಕ್ಕೋಸ್ಕರ ಬಸ್ ಹತ್ತುದ್ರಾ? ಇಲ್ಲೇ ಅದೆ ಕಣಿ. ಬರಿದು ಹೆಂಗೆ ಕಳ್ಸದು ಅಂತ ಮಡಗಿದ್ದೆ."

ಆಗಲೂ ಬರಿದು ಕೊಡಲಿಲ್ಲ. ನಾವು ಬೇಡ ಬೇಡ ಅಂದರೂ ಹುರಿಗಡಲೆ ಪುಡಿ ಮಾಡಿ, ಬೆಲ್ಲದ ಪಾಕ ತೆಗೆದು, ತಂಬಿಟ್ಟು ಕಟ್ಟಿ ಕಂಠದವರೆಗೂ ತುಂಬಿದಳು. ಕೊಡುವಾಗ ಅಂದಳು: "ಅಡೀಲಿ ಅದೇನೋ ಇಂಗ್ಲಿಷಲ್ಲಿ ಬರ್ಸಿದ್ದೀರಲ್ಲ, ಮನೆಗೆ ಬಂದೋರೆಲ್ಲಾ ಓದಿ ನಗಾಡ್ತರೆ. ಮಂತ್ರವಾ?"

ದೊಡ್ಡವಳು ನನ್ನ ಕೈ ಹಿಡಿದು ಹೊರಡಿಸಿದಳು. ಬೀದಿಗೆ ಬಂದ ಮೇಲೆ "ಎಷ್ಟು ಜನ ಓದಿದಾರೋ, ಯಾರಾದ್ರೂ ಫೋಟೋ ಹೊಡ್ಕೊಂಡಿದಾರೋ. ಊರಿಗೆ ಹೋಗೋವರ್ಗೂ ಕಾಯಕ್ಕಾಗಲ್ಲ, ಇಲ್ಲೇ ಬೇರೆ ಬೀಗಕ್ಕೆ ಬದಲಾಯ್ಸನ" ಅಂದಳು.

ಬಸ್ ನಿಲ್ದಾಣದ ಮೂಲೆಯ ಕಲ್ಲುಬೆಂಚಿನ ಮೇಲೆ ಕೂತೆವು. ತುಂಬಿದ ಡಬ್ಬಿಯನ್ನು ಬೋರಲು ಹಾಕಿದರೆ ತಂಬಿಟ್ಟು ಪುಡಿಯಾಗುತ್ತದೆ ಅಂತ ನಾನು ಅದನ್ನು ಎರಡೂ ಕೈಯಲ್ಲಿ ತಲೆಗಿಂತ ಮೇಲಕ್ಕೆ ಎತ್ತಿ ಹಿಡಿದೆ. ಅವಳು ಕೆಳಗೆ ಬಗ್ಗಿ, ಕತ್ತೆತ್ತಿ ಒಂದೊಂದೇ ಪದ ನೋಡಿ ಒತ್ತತೊಡಗಿದಳು.

"ಬೇಗ ಕಣಮ್ಮಿ, ರಟ್ಟೆ ಸೋತೋಯ್ತು."

ಹೂವಿನ ಬುಟ್ಟಿ ಹೊತ್ತ ಒಬ್ಬಾಕೆ ನಿಂತು, "ಏನವ್ವಾ, ಹರಕೆಯಾ?" ಅಂತ ಕೇಳಿದಳು. ನಾಲ್ಕು ಜನ ತಿರುಗಿ ನೋಡಿದರು. ಬೇರೆ ದಿನವಾಗಿದ್ದರೆ ನಾನು ಡಬ್ಬಿ ಬಿಟ್ಟು ಓಡಿಹೋಗುತ್ತಿದ್ದೆ. "ಹೂಂ ಕಣವ್ವ" ಅಂದೆ, ಕೈ ಇಳಿಸಲಿಲ್ಲ.

ಹನ್ನೆರಡನೆಯ ಪದ ಮುಗಿದ ಮೇಲೆ ಡಬ್ಬಿಯನ್ನು ಮಡಿಲಿಗೆ ಇಳಿಸಿದೆ. ಅವಳು ಫೋನನ್ನು ನನ್ನ ಮುಂದೆ ಹಿಡಿದಳು. ಅವರ ಹೆಸರು ಇತ್ತು. ಯಾರೂ ಮುಟ್ಟಿರಲಿಲ್ಲ. ಕೆಳಗೆ ನೀವು ಐದೂ ಜನ ಇದ್ದಿರಿ. ಹೊಸ ಬೀಗವೊಂದನ್ನು ಮಾಡಿ, ಹೆಸರನ್ನು ಅದಕ್ಕೆ ಸಾಗಿಸುವ ಕೊನೆಯ ಗುಂಡಿಯನ್ನು "ನೀನೇ ಒತ್ತಜ್ಜಿ" ಅಂದಳು. ಒತ್ತುವ ಮೊದಲು ತಪ್ಪಾಗಬಾರದು ಅಂತ ಹೆಸರನ್ನು ಅಕ್ಷರ ಅಕ್ಷರವಾಗಿ ಓದಿಕೊಂಡೆ. ಬಾಯಿಂದಲ್ಲ, ಮನಸ್ಸಿನಲ್ಲಿ. ತುಟಿ ಅಲ್ಲಾಡಿತು ಅಂತ ದೊಡ್ಡವಳು ಇವತ್ತಿಗೂ ಸಾಧಿಸುತ್ತಾಳೆ.

ಹೊಸ ಹನ್ನೆರಡು ಪದವನ್ನು ರಂಗೋಲಿ ಎಳೆದ ಹಾಗೆ ನಿಧಾನವಾಗಿ ನಾನೇ ಎರಡು ಹಾಳೆಯಲ್ಲಿ ಬರೆದೆ. ಒಂದು ಅವಳಲ್ಲಿದೆ. ಇನ್ನೊಂದು ಎಲ್ಲಿದೆ ಅಂತ ಈ ಪುಸ್ತಕದಲ್ಲಿ ಬರೆಯುವುದಿಲ್ಲ. ನಾನು ಗಟ್ಟಿಯಾಗಿರುವಾಗಲೇ ಒಬ್ಬೊಬ್ಬರಾಗಿ ಬನ್ನಿ, ಕಿವಿಯಲ್ಲಿ ಹೇಳುತ್ತೇನೆ. ಬರಲು ಸೋಮಾರಿತನ ಮಾಡಬೇಡಿ. ಇದನ್ನು ನಿಮ್ಮ ಹೆಸರಿಗೆ ಮಾಡಿಕೊಡುವ ಕಚೇರಿ ಇಲ್ಲ.

ಆ ಡಬ್ಬಿಯ ಅಡಿಯ ಪದಗಳು ಈಗ ಯಾವ ಬೀಗವನ್ನೂ ತೆಗೆಯುವುದಿಲ್ಲ. ತಂಬಿಟ್ಟು ಮುಗಿದ ಮೇಲೆ ಪಾತ್ರೆ ಅಂಗಡಿಗೆ ಒಯ್ದು, ಚೀಟಿ ಕೊಟ್ಟು, ಪಕ್ಕದಲ್ಲಿ ನಿಮ್ಮ ತಾತನ ಹೆಸರು ಹಾಕಿಸಿದೆ. ಹಸಿ ಅರಿಶಿನದ ಉಪ್ಪಿನಕಾಯಿ ತುಂಬಿ ನಾದಿನಿಗೆ ಕಳಿಸಿದೆ. ಮೊನ್ನೆ ಅದು ಹುರಿದ ಅವರೆಕಾಳು ತುಂಬಿಕೊಂಡು ಬಂದಿದೆ. ಈ ವಾರ ಏನಾದರೂ ಮಾಡಿ ಕಳಿಸಬೇಕು.