ಸವತಿಯನ್ನು ಆರಿಸಿದ ಎಂಟರಪ್ಪ

ಅವರು ಎಂಟರ್ ಕೀ ಒತ್ತುತ್ತಿರಲಿಲ್ಲ, ಗುದ್ದುತ್ತಿದ್ದರು. ಬಲಗೈ ಕಿವಿಯವರೆಗೆ ಏರಿ, ಒಂದು ಕ್ಷಣ ಗಾಳಿಯಲ್ಲಿ ನಿಂತು, ಸಿಡಿಲಿನಂತೆ ಎರಗುತ್ತಿತ್ತು. ಒಮ್ಮೆ ನಿಜವಾಗಿ ಭೂಕಂಪವಾಗಿ ನೆಲ ನಡುಗಿದಾಗ ಕೆಳಮಹಡಿಯ ಪ್ಯಾಕಿಂಗ್‌ನವರು ಹೊರಗೆ ಓಡದೆ, "ಸಾರ್ ಆರ್ಡರ್ ಸೇವ್ ಮಾಡಿದ್ರು" ಎಂದುಕೊಂಡು ಟೇಪು ಅಂಟಿಸುತ್ತಲೇ ಇದ್ದರಂತೆ. ಮೂವತ್ತೊಂದು ಕೀಬೋರ್ಡುಗಳು ಆ ಕೈಯಲ್ಲಿ ವೀರಸ್ವರ್ಗ ಸೇರಿದ್ದವು. ಹಾಗಾಗಿ ಎಂಟರಪ್ಪ ಎಂಬ ಬಿರುದು. ಎದುರಿಗೆ ಮಾತ್ರ ಸಾರ್.

ಕನ್ನಡಕದ ಲೆನ್ಸ್ ಉಜ್ಜಿ ಅಂಗಡಿಗಳಿಗೆ ಕಳಿಸುವ ನಮ್ಮ ಕಾರ್ಖಾನೆಯ ಆರ್ಡರ್ ಪ್ರೋಗ್ರಾಮನ್ನು ಇಪ್ಪತ್ತಮೂರು ವರ್ಷದ ಹಿಂದೆ ಒಬ್ಬರೇ ಕೂತು ಬರೆದವರು ಇವರು. ಅದು ಓಡುತ್ತಿದ್ದುದು ಒಂದೇ ಒಂದು ಹಳೆಯ ಕಂಪ್ಯೂಟರಿನಲ್ಲಿ. ಆ ಕಂಪ್ಯೂಟರು ದಿನಕ್ಕೆರಡು ಸಲ ಪ್ರಾಣ ಬಿಟ್ಟು ಎರಡು ಸಲ ಮರಳಿ ಪಡೆಯತೊಡಗಿದಾಗ ಮಾಲೀಕರು ಇವರನ್ನು ಕರೆಸಿದರು.

"ಎಲ್ಲಾ ಹೊಸದಾಗಿ ಬರೆಸೋಣ. ಯಾವ ಟೂಲಲ್ಲಿ ಅಂತ ನೀವೇ ಆರಿಸಿ. ಶನಿವಾರದೊಳಗೆ ಹೇಳ್ದೆ ಇದ್ರೆ ನಾನೇ ಆರಿಸ್ತೀನಿ. ಆಮೇಲೆ ನಿಮಗೆ ಇಲ್ಲೇನು ಕೆಲಸ ಅಂತಾನೂ ಯೋಚಿಸ್ಬೇಕಾಗುತ್ತೆ."

ಹಿರಿಯ ಹೆಂಡತಿಯನ್ನೇ ಕರೆದು ಸವತಿಯನ್ನು ನೋಡಿ ಬಾ ಎಂದಂತಾಯಿತು. ಎಂಟರಪ್ಪನವರು ಹಲ್ಲು ಕಚ್ಚಿಕೊಂಡು ವಧುಪರೀಕ್ಷೆಗೆ ಹೊರಟರು.

ಮೊದಲನೆಯದು ಅಂಗಡಿಯಿಂದ ತಂದು ಹಾಗೇ ಬಳಸಬಹುದಾದ ಸಿದ್ಧ ಪ್ಯಾಕೇಜು. "ಈ ಸ್ಕ್ರೀನಿನ ಹಸಿರು ಕಣ್ಣಿಗೆ ಚುಚ್ಚುತ್ತೆ. ಕನ್ನಡಕದವರಿಗೆ ಇದಾ?" ಎಂದು ಎದ್ದುಬಂದರು. ಎರಡನೆಯದರಲ್ಲಿ ಬಣ್ಣದ ಡಬ್ಬಿಗಳನ್ನು ಎಳೆದು ಜೋಡಿಸಿದರೆ ಸಾಕು, ಪ್ರೋಗ್ರಾಮು ತಯಾರು. "ಕೋಡೇ ಬರೆಯೋದು ಬೇಡ ಅಂದ್ರೆ ನಾನ್ಯಾಕೆ ಬೇಕು?" ಎಂದರು. ಪ್ರಶ್ನೆ ಸರಿಯಾಗಿಯೇ ಇತ್ತು.

ಮೂರನೆಯದನ್ನು ತಂದವಳು ಮಾಲೀಕರ ಸೊಸೆ. ಇವರು ಎಂಟು ತಿಂಗಳು ಹೆಣಗಿ ಮಾಡಿದ್ದ ಆರ್ಡರ್ ಸ್ಕ್ರೀನನ್ನು ಅವಳು ಪೈಥಾನ್ ಎಂಬ ಭಾಷೆಯಲ್ಲಿ ನಾಲ್ಕೇ ದಿನದಲ್ಲಿ ಮಾಡಿ ಮುಗಿಸಿದ್ದಳು. ಈ ಲೆಕ್ಕವನ್ನು, ಅಂಗಡಿಗಳ ಚೀಟಿ ನೋಡಿ ಆರ್ಡರ್ ಹೊಡೆಯುವ ಟೈಪಿಸ್ಟ್ ಅಕ್ಕ ಬಹಳ ಅಕ್ಕರೆಯಿಂದ ಇವರಿಗೆ ತಲುಪಿಸಿದಳು.

"ಪೈಥಾನ್ ಅಂದ್ರೆ ಹೆಬ್ಬಾವಲ್ವೇನಮ್ಮ?"

"ಹೌದು ಸಾರ್, ಆದ್ರೆ ನುಂಗಲ್ಲ. ಎಲ್ಲ ಕಡೆ ಬಳಸ್ತಾರೆ. ನಾಳೆ ನಾನಿಲ್ದೇ ಇದ್ರೂ ಯಾರು ಬೇಕಾದ್ರೂ ತಿದ್ದಬಹುದು."

ಯಾರು ಬೇಕಾದರೂ! ಇಪ್ಪತ್ತಮೂರು ವರ್ಷ ತಾನೊಬ್ಬನೇ ತಿದ್ದಬಲ್ಲವನಾಗಿದ್ದವನ ಹೊಟ್ಟೆಗೆ ಯಾರೋ ಸೀಮೆಎಣ್ಣೆ ಸುರಿದು ಕಡ್ಡಿ ಗೀರಿದಂತಾಯಿತು.

"ಯಾಕ್ರೀ, ಮುಖ ಹರಳೆಣ್ಣೆ ಕುಡಿದ ಹಾಗಿದೆ?" ಎಂದು ಸಂಜೆ ಹೆಂಡತಿ ಕೇಳಿದರು.

"ಆ ಹುಡುಗಿ ಕೀಬೋರ್ಡನ್ನ ಸದ್ದೇ ಆಗದ ಹಾಗೆ ಒತ್ತುತ್ತಾಳೆ ಕಣೇ."

"ಅದೂ ತಪ್ಪಾ?"

"ಅದೇ ತಪ್ಪು."

ಬುಧವಾರದಿಂದ ದಂಡಯಾತ್ರೆ. ಅವಳ ಸ್ಕ್ರೀನಿನ ಮುಂದೆ ಕೂತು, ಲೆನ್ಸಿನ ಪವರ್ ಬರೆಯಬೇಕಾದಲ್ಲಿ ತಮ್ಮ ಹೆಸರು ಬರೆದರು. ಒಂದೇ ನಂಬರಿಗೆ ಎರಡು ಆರ್ಡರ್ ಹಾಕಿದರು. ನಡುವೆ ಪ್ಲಗ್ ಕಿತ್ತರು. ಏನೂ ಕೆಡಲಿಲ್ಲ. ಶುಕ್ರವಾರ ಕೊನೆಗೆ ಬ್ರಹ್ಮಾಸ್ತ್ರ ತೆಗೆದರು: ಲೆನ್ಸನ್ನು ಎಷ್ಟು ಓರೆಯಾಗಿ ಕೂರಿಸಬೇಕು ಎಂದು ಹೇಳುವ ಕೋನ ನೂರಾಎಂಬತ್ತನ್ನು ದಾಟುವಂತಿಲ್ಲ, ಇವರು ನೂರಾತೊಂಬತ್ತು ಹೊಡೆದರು. "ಕೋನ ತಪ್ಪಾಗಿದೆ, ಚೀಟಿ ನೋಡಿ" ಎಂದಿತು ಸ್ಕ್ರೀನು, ಮೆಲ್ಲಗೆ.

ದಡದಡ ಎದ್ದುಹೋಗಿ ತಮ್ಮ ಹಳೆಯ ಪ್ರೋಗ್ರಾಮಿನಲ್ಲೂ ಅದನ್ನೇ ಹೊಡೆದರು. ಅದು ತುಟಿಪಿಟಕ್ಕೆನ್ನದೆ ನುಂಗಿತು. ಕೆಳಗಿಳಿದು ಲೆನ್ಸ್ ಉಜ್ಜುವ ಹಿರಿಯರನ್ನು ಹಿಡಿದರು.

"ನೂರಾತೊಂಬತ್ತು ಅಂತ ಬಂದ್ರೆ ಏನ್ ಮಾಡ್ತೀರಿ?"

"ಟೈಪಿಸ್ಟ್‌ಗೆ ಫೋನ್ ಮಾಡಿ ಕೇಳ್ತೀನಿ. ವಾರಕ್ಕೊಂದು ಇದ್ದೇ ಇರುತ್ತಲ್ಲ."

"ಇಷ್ಟು ವರ್ಷ ನಂಗ್ಯಾಕೆ ಹೇಳ್ಲಿಲ್ಲ?"

"ನಿಮಗೆ ಬೇಜಾರಾಗುತ್ತೆ ಅಂತ, ಸಾರ್."

ಶನಿವಾರ ಎಂಟರಪ್ಪನವರು ಮಾಲೀಕರ ಕೋಣೆಯಲ್ಲಿ ಆಡಿದ್ದು ಒಂದೇ ಮಾತು: "ನಿಮ್ಮ ಸೊಸೆಯದ್ದೇ ಇರಲಿ." ಮಾಲೀಕರು ಅವರನ್ನು ಉಳಿಸಿಕೊಂಡರು, ಅವಳ ಪಕ್ಕದಲ್ಲೇ ಕುರ್ಚಿ ಹಾಕಿಸಿ, ಲೆನ್ಸಿನ ಒಳಗುಟ್ಟನ್ನೆಲ್ಲ ಹೇಳಿಕೊಡಿ ಎಂದರು. ಸುದ್ದಿ ಕೆಳಮಹಡಿಗೆ ಇಳಿಯುವಷ್ಟರಲ್ಲಿ ಮಹಾತ್ಯಾಗವಾಗಿತ್ತು. ಟೈಪಿಸ್ಟ್ ಅಕ್ಕ ಕಣ್ಣೊರೆಸಿಕೊಂಡಳು. ಹೆತ್ತ ಕೂಸನ್ನೇ ಧಾರೆ ಎರೆದರು ಎಂದ ಪ್ಯಾಕಿಂಗಿನವನೊಬ್ಬ.

ಸೊಸೆಯೂ ಕೈಮುಗಿದು ಕೇಳಿದಳು: "ಇಷ್ಟು ದೊಡ್ಡ ಮನಸ್ಸು ಹೇಗೆ ಬಂತು ಸಾರ್ ನಿಮಗೆ?"

"ಮನಸ್ಸೂ ಇಲ್ಲ, ಮಣ್ಣೂ ಇಲ್ಲಮ್ಮ. ಮೂರು ದಿನ ತಪ್ಪು ಹುಡುಕಿದೆ. ಸಿಗಲಿಲ್ಲ."