ಡಿಂಪ್ನಾ ಹೆಗರ್ಟಿಯ ಬಾಗಿಲ ಕಲ್ಲು

ನಮ್ಮ ಐರ್ಲೆಂಡಿನ ಮೇಯೋ ಸೀಮೆಯಲ್ಲಿ ಚಹಾ ಬೇಕಾದವನು ಮೊದಲು ಬೇಡ ಎನ್ನಬೇಕು. ಮೊದಲ ಸಲ ಕರೆದಾಗ "ಅಯ್ಯೋ, ಈಗಷ್ಟೇ ಕುಡಿದೆ" ಎನ್ನುವುದು ಮರ್ಯಾದೆ. ಎರಡನೆಯ ಸಲಕ್ಕೆ ಆಕಾಶ ನೋಡಿ ಹೊತ್ತಾಯಿತು ಎನ್ನುವುದು. ಮೂರನೆಯದಕ್ಕೆ "ನಿಂತ್ಕೊಂಡೇ ಒಂದು ಗುಟುಕು" ಎಂದು ಒಳಗೆ ಬಂದು, ಕೂತು, ಕತ್ತಲಾದ ಮೇಲೆ ಏಳುವುದು.

ಹೀಗೆ ಕರೆಯುವ ವಿದ್ಯೆಯಲ್ಲಿ ಡಿಂಪ್ನಾ ಹೆಗರ್ಟಿಯನ್ನು ಮೀರಿಸಿದವರಿರಲಿಲ್ಲ. ಅವಳು ತೋಳು ಹಿಡಿದೇ ಕರೆಯುವವಳು. ಮದುವೆ ಒಲ್ಲೆನೆಂದವಳು, ಅಪ್ಪ ಬಿಟ್ಟುಹೋದ ಒಂದೇ ಒಂದು ಹುಲ್ಲಿನ ಹೊಲದಲ್ಲಿ ಕುರಿ ಮೇಯಿಸುತ್ತ ಅರವತ್ತರ ಹತ್ತಿರ ಬಂದಿದ್ದಳು. ಬೆಟ್ಟಕ್ಕೆ ಹೋಗುವ ಕಾಲುದಾರಿ ಆ ಹೊಲದಲ್ಲೇ ಹಾಯುವುದರಿಂದ ಚಾರಣಿಗರಿಗೂ ಅವಳ ಚಹಾ ತಪ್ಪಿದ್ದಲ್ಲ.

ಅವಳ ಬಾಗಿಲ ಮುಂದೆ ಒಂದು ಚಪ್ಪಡಿ. ಮೆಟ್ಟಿದರೆ ತೊಟ್ಟಿಲಿನಂತೆ ತೂಗುತ್ತಿತ್ತು. ಅವಳಪ್ಪ "ನಾಳೆ ಸರಿಮಾಡೋಣ" ಎನ್ನುತ್ತಲೇ ತೀರಿಕೊಂಡಿದ್ದ. ಊರವರು ಕಲ್ಲನ್ನು ಸರಿಮಾಡುವ ಬದಲು ತಮ್ಮ ಕಾಲನ್ನೇ ಸರಿಮಾಡಿಕೊಂಡಿದ್ದರು. ಮಾತು ನಿಲ್ಲಿಸದೆ, ಕೆಳಗೆ ನೋಡದೆ, ಬಲಗಾಲು ಎತ್ತಿ ಕಲ್ಲು ದಾಟಿ ನೇರ ಒಳಗಿಡುವುದು. ಪಾದ್ರಿಗಳು ಕೂಡ ನಿಲುವಂಗಿ ಎತ್ತಿಕೊಂಡು ದಾಟುತ್ತಿದ್ದರು.

ಡಿಂಪ್ನಾಳ ಚಿಕ್ಕಮ್ಮನ ಮಗ ಮ್ಯಾಲಕಿ ಪಟ್ಟಣದಲ್ಲಿ ವಕೀಲರ ಗುಮಾಸ್ತ. ವಕೀಲರಿಗಿಂತ ಹೆಚ್ಚು ಕಾನೂನು ಮಾತಾಡುವವನು. ಒಂದು ಭಾನುವಾರ ಬಂದು ಕಲ್ಲು ದಾಟಿ ಕೂತ.

"ಪಕ್ಕದ ಊರಲ್ಲಿ ಯಾರೋ ನೆಂಟರ ಮನೇಲಿ ಬಿದ್ದು ಕೇಸು ಹಾಕಿದಾನೆ. ನೀನೂ ಹುಷಾರಾಗಿರು ಡಿಂಪ್ನಾ. ಬೆಟ್ಟ ನೋಡೋಕೆ ತಾನಾಗೇ ಬಂದೋನು ಬಿದ್ರೆ ಬಹುಪಾಲು ಅವನ ಹಣೇಬರಹ. ನೀನು ಬೇಕಂತ ಬೀಳಿಸದಿದ್ರೆ ಸಾಕು. ಆದ್ರೆ ಬಾ ಅಂತ ಮನೆಗೆ ಕರೆದ್ಯೋ, ಅವನು ಅತಿಥಿ. ಅವನ ಕಾಲು ನಿನ್ನ ತಲೆ ಮೇಲೆ. ಹೊಲ ಮಾರಿ ಪರಿಹಾರ ಕಟ್ಕೊಡ್ಬೇಕಾಗತ್ತೆ."

"ಹಂಗಾದ್ರೆ ಕಲ್ಲು ಸರಿಮಾಡಿಸ್ತೀನಿ."

"ಹುಚ್ಚಾ ನಿಂಗೆ? ಈಗ ಸರಿಮಾಡಿದ್ರೆ ಇಷ್ಟು ದಿನ ಸರಿ ಇರಲಿಲ್ಲ ಅಂತ ಒಪ್ಕೊಂಡ ಹಾಗಲ್ವಾ?"

ಡಿಂಪ್ನಾ ಯೋಚಿಸಿದಳು. ಕರೆಯದಿದ್ದರೆ ಮಾನ ಹೋಗುತ್ತದೆ, ಕರೆದರೆ ಹೊಲ ಹೋಗುತ್ತದೆ. ಕೊನೆಗೆ ದಾರಿ ಹೊಳೆಯಿತು: ಕರೆಯುವುದು, ಆದರೆ ಒಂದೇ ಸಲ. ಮೊದಲ ಸಲಕ್ಕೆ ಹೂಂ ಎನ್ನುವ ಮರ್ಯಾದೆಗೆಟ್ಟವರು ಈ ಸೀಮೆಯಲ್ಲಿ ಹುಟ್ಟೇ ಇಲ್ಲ.

ಮರುದಿನ ನೆರೆಯ ಪ್ಯಾಕಿ ಡರ್ಕನ್ ಬಂದ.

"ಬಾ ಪ್ಯಾಕಿ, ಚಹಾ ಕುಡಿ."

"ಬೇಡ, ಈಗಷ್ಟೇ ಆಯ್ತು."

"ಸರಿ ಹಾಗಾದ್ರೆ" ಎಂದು ಡಿಂಪ್ನಾ ಬಾಗಿಲು ಹಾಕಿಕೊಂಡಳು.

ಪ್ಯಾಕಿ ಅಂಗಳದಲ್ಲೇ ನಿಂತ. ಮೋಡ ನೋಡಿದ, ಕುರಿ ನೋಡಿದ, ಒಂದೆರಡು ಸಲ ಕೆಮ್ಮಿದ. ಎರಡನೆಯ ಕರೆ ಬರಲೇ ಇಲ್ಲ. ಕಾಯಿದೆ ಎಂದರೆ ಕಾಯಿಸುವುದು ಎಂದು ನಮ್ಮೂರಿಗೆ ತಿಳಿದದ್ದು ಹೀಗೆ. ವಾರ ಕಳೆಯುವುದರೊಳಗೆ ಅರ್ಧ ಊರು ಬಾಯಾರಿ ಮನೆಗೆ ಹೋಗಿತ್ತು. "ಡಬ್ಲಿನ್‌ನೋರ ಥರ ಆಡ್ತಾಳೆ" ಎಂದಳು ಪ್ಯಾಕಿಯ ಹೆಂಡತಿ ನೋರಾ. ನಮ್ಮಲ್ಲಿ ಅದಕ್ಕಿಂತ ಕೆಟ್ಟ ಬೈಗುಳವಿಲ್ಲ.

ಆಮೇಲೆ ಬಂದವಳು ಗುಡ್ರುನ್. ಜರ್ಮನಿಯವಳು, ಕೈಯಲ್ಲಿ ಕೋಲು, ಬೆನ್ನಿಗೆ ಚೀಲ. ಬಾಗಿಲಲ್ಲಿದ್ದ ಡಿಂಪ್ನಾ ನಿಶ್ಚಿಂತೆಯಿಂದ ಕರೆದಳು. "ಬನ್ನಿ, ಚಹಾ ಕುಡಿದು ಹೋಗಿ."

"ಆಗಲಿ" ಎಂದಳು ಗುಡ್ರುನ್.

ಡಿಂಪ್ನಾಳ ಬಾಯಿ ತೆರೆದದ್ದು ತೆರೆದೇ ಇತ್ತು. ಅದು ಮುಚ್ಚುವ ಮೊದಲೇ ಗುಡ್ರುನ್ ಕಲ್ಲು ಮೆಟ್ಟಿದ್ದಳು, ಕಲ್ಲು ತೂಗಿತ್ತು, ಅವಳ ಕಾಲು ಉಳುಕಿತ್ತು.

ಫೋನು ಮಾಡಿದ್ದಕ್ಕೆ ಮ್ಯಾಲಕಿ ಓಡಿ ಬಂದು ಅಡುಗೆಮನೆಯ ಮೂಲೆಯಲ್ಲಿ ಪಿಸುಗುಟ್ಟಿದ. "ಕ್ಷಮಿಸಿ ಗಿಮಿಸಿ ಅಂದ್ಯಾ?"

"ಬಿದ್ದಾಗಿಂದ ಅದನ್ನೇ ಹೇಳ್ತಿದೀನಿ."

"ಅದು ತಪ್ಪೊಪ್ಪಿಗೆ ಕಣೇ."

"ಬೇರೆಯೋರು ನನ್ನ ಕಾಲು ತುಳಿದ್ರೂ ನಾನೇ ಕ್ಷಮಿಸಿ ಅನ್ನೋದು. ಅದೆಂಥ ಒಪ್ಪಿಗೆ?"

ಮ್ಯಾಲಕಿ ಕೂಡಲೇ ಸಾಕ್ಷಿಗಳನ್ನು ಕರೆಸಿದ. ಎಷ್ಟೇ ಮುನಿಸಿದ್ದರೂ ಹೊರಗಿನವರ ಮುಂದೆ ಊರು ಒಂದೇ. ಗುಡ್ರುನ್ ಒಲೆಯ ಪಕ್ಕದ ಬೆಂಚಿನಲ್ಲಿ ಬಾಗಿಲಿಗೆ ಮುಖ ಮಾಡಿ, ಊದಿದ ಪಾದವನ್ನು ಸ್ಟೂಲಿನ ಮೇಲಿಟ್ಟು ಚಹಾ ಕುಡಿಯುತ್ತಿದ್ದಳು. ಪ್ಯಾಕಿ ಬಂದ, ಬಲಗಾಲೆತ್ತಿ ದಾಟಿದ. "ಆ ಕಲ್ಲಾ? ಬೆಟ್ಟ ಅಲ್ಲಾಡಿದ್ರೂ ಅದು ಅಲ್ಲಾಡಲ್ಲ." ನೋರಾ ಬಂದಳು, ದಾಟಿದಳು. "ಬಂಡೆ ಅಂದ್ರೆ ಬಂಡೆ." ಪಾದ್ರಿಗಳು ನಿಲುವಂಗಿ ಎತ್ತಿಕೊಂಡು ದಾಟಿ, ಏನೂ ಹೇಳದೆ ಕೂತರು. ಅವರು ಸುಳ್ಳಾಡುವಂತಿಲ್ಲ.

ಗುಡ್ರುನ್ ಲೋಟ ಕೆಳಗಿಟ್ಟಳು. "ಒಂದು ಕೇಳಲಾ? ನೀವೆಲ್ಲ ಒಳಗೆ ಬರುವಾಗ ಯಾಕೆ ಹಾಗೆ ಕಾಲೆತ್ತುತ್ತೀರಿ?"

ನೋರಾ ಪ್ಯಾಕಿಯ ಮುಖ ನೋಡಿದಳು.

"ಅದು ನಮ್ಮ ಕಡೆ ಸಂಪ್ರದಾಯ" ಎಂದ ಪ್ಯಾಕಿ.

ಮ್ಯಾಲಕಿ ಕಣ್ಣು ಮುಚ್ಚಿಕೊಂಡ. ಡಿಂಪ್ನಾಳಿಗೆ ತಡೆಯಲಾಗಲಿಲ್ಲ.

"ಸುಳ್ಳು. ಕಲ್ಲು ಅಲ್ಲಾಡತ್ತೆ. ನಾನು ಹುಟ್ಟೋಕೆ ಮುಂಚಿಂದ ಅಲ್ಲಾಡ್ತಿದೆ. ನಿಮಗೆ ಹೇಳ್ಬೇಕಾಗಿತ್ತು. ಆದ್ರೆ ನೀವು ಒಂದೇ ಕರೆಗೆ ಹೂಂ ಅಂತೀರಂತ ನನಗೇನು ಗೊತ್ತು?" ಕಾಯಿದೆ, ಚಹಾ, ಮೂರು ಸಲದ ಲೆಕ್ಕ, ಎಲ್ಲವನ್ನೂ ಹೇಳಿಬಿಟ್ಟಳು. "ಇನ್ನು ಈ ಹೊಲ ನಿಮ್ಮದೇ ಅಂತ ಕಾಣತ್ತೆ."

"ನನಗೆ ನಿಮ್ಮ ಹೊಲ ಬೇಡ" ಎಂದಳು ಗುಡ್ರುನ್. "ಆ ಕಲ್ಲು ಸರಿಮಾಡಿಸಿ, ಸಾಕು."

ಮ್ಯಾಲಕಿಯ ಮುಖ ಅರಳಿತು. ಡಿಂಪ್ನಾಳದು ಅರಳಲಿಲ್ಲ. ಮೊದಲ ಬೇಡಕ್ಕೆ ನಮ್ಮಲ್ಲಿ ಬೆಲೆಯೆಲ್ಲಿದೆ?

"ನಿಜವಾಗ್ಲೂ ಬೇಡ್ವಾ?"

"ಬೇಡ."

ಮ್ಯಾಲಕಿ ಅವಳ ಮೊಣಕೈ ಜಿಗುಟಿದ. ಉಪಯೋಗವಾಗಲಿಲ್ಲ. ಬೆಳೆಸಿದ ಬುದ್ಧಿ ಎಲ್ಲಿ ಹೋಗುತ್ತದೆ?

"ಸಂಕೋಚ ಮಾಡ್ಕೋಬೇಡಿ" ಎಂದಳು ಡಿಂಪ್ನಾ ಮೂರನೆಯ ಸಲ.

ನೋರಾ ಶಿಲುಬೆಯ ಗುರುತು ಮಾಡಿಕೊಂಡಳು. ಮೂರನೆಯ ಕರೆಗೆ ಒಲ್ಲೆ ಎಂದವರನ್ನು ಅವರಾರೂ ಕಂಡಿರಲಿಲ್ಲ.

"ಬೇಡ ಅಂದರೆ ಬೇಡ" ಎಂದಳು ಗುಡ್ರುನ್. "ಇನ್ನೊಂದು ಲೋಟ ಚಹಾ ಕೊಡಿ."

ಮರುದಿನ ಪ್ಯಾಕಿ ಹಾರೆ ತಂದು ಕಲ್ಲೆಬ್ಬಿಸಿ, ಕೆಳಗೆ ಮರಳು ತುಂಬಿ ಗಟ್ಟಿ ಕೂರಿಸಿದ. ಅದರ ಮೇಲೆ ಕುಣಿದು ತೋರಿಸಿದ ಕೂಡ. ಆಮೇಲೆ ಡಿಂಪ್ನಾ ತೋಳು ಹಿಡಿದು ಮೂರು ಸಲ ಕರೆದಳು. ಅವನು ಬಲಗಾಲು ಎತ್ತಿ ಕಲ್ಲು ದಾಟಿ ಒಳಗೆ ಹೋದ.